ಗೋರೆಮೆಯ ಗುಹಾ ಚರ್ಚಿನಲ್ಲಿ ಕೆಮ್ಮಣ್ಣಿನ ಗೆರೆಗಳೇಕೆ?

ಸಿದ್ದಾಪುರದ ಬೆಳೆಗಾರ:
ಕಾಫಿ ಕೊಯ್ಲು ಮುಗಿದ ಮೇಲೆ ಮಗಳ ಜೊತೆ ಟರ್ಕಿಗೆ ಹೋಗಿದ್ದೆ. ಕಪಡೋಕಿಯದ ಗೋರೆಮೆಯಲ್ಲಿ ಎಲ್ಲರಿಗೂ ಬಲೂನಿನ ಹುಚ್ಚು. ನಾನು ಬಂಡೆ ಕೊರೆದ ಚರ್ಚುಗಳಲ್ಲೇ ಉಳಿದುಬಿಟ್ಟೆ. ‘ಕತ್ತಲೆ ಚರ್ಚಿ’ನ ಚಿತ್ರಗಳ ಬಣ್ಣ ಇನ್ನೂ ಕಣ್ಣು ಕುಕ್ಕುತ್ತದೆ. ಹತ್ತಿರದ ಸಂತ ಬಾರ್ಬರಾ ಚರ್ಚಿನಲ್ಲಿ ಮಾತ್ರ ಬರಿಗಲ್ಲಿನ ಮೇಲೆ ಕೆಮ್ಮಣ್ಣಿನ ಶಿಲುಬೆ, ಚೌಕುಳಿ, ಎಂಥದೋ ಒಂದು ಹುಳ. ಮೂರ್ತಿಚಿತ್ರಗಳನ್ನು ನಿಷೇಧಿಸಿದ ಕಾಲದ್ದು ಎಂದರು ಗೈಡ್. ನಿಜವೇ?

ಕುಶಾಲನಗರದ ಓದುಗ:
ಗೈಡ್ ಹೇಳಿದ್ದು ಸರಿ ಇರಬೇಕು ಸರ್. 8ನೆಯ ಶತಮಾನದಲ್ಲಿ ಆ ನಾಡನ್ನು ಆಳುತ್ತಿದ್ದ ಬೈಜಾಂಟೈನ್ ಚಕ್ರವರ್ತಿ ಮೂರನೆಯ ಲಿಯೋ ಪವಿತ್ರ ಚಿತ್ರಗಳ ವಿರುದ್ಧ ನಿಂತ. ಆಗ ಉಳಿದದ್ದು ಶಿಲುಬೆಯೊಂದೇ.

ಮಡಿಕೇರಿಯ ನಿವೃತ್ತ ಅಧ್ಯಾಪಕಿ:
ಅದು ಗೈಡ್‌ಗಳಿಗೆ ಪ್ರಿಯವಾದ ಕಥೆ. ಆ ನಿಷೇಧ 843ರಲ್ಲಿ ಕೊನೆಗೊಂಡಿತು; ಬಾರ್ಬರಾ ಚರ್ಚು 11ನೆಯ ಶತಮಾನದ್ದೆಂದು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿಯೇ ಕೆಲವು ಸಂತರ ಚಿತ್ರಗಳೂ ಇವೆಯಲ್ಲ, ಅವನ್ನು ನೋಡಲಿಲ್ಲವೇ? ಗೋರೆಮೆಯದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆಯ ಕಲ್ಲು, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಕೊರೆದಾದ ಮೇಲೆ ಕೆಮ್ಮಣ್ಣಿನಲ್ಲಿ ಶಿಲುಬೆ ಬರೆದರೆ ಪೂಜೆಗೆ ಸಾಕು. ದಾನಿ ಸಿಕ್ಕಾಗ ಗಾರೆ ಬಳಿದು ಚಿತ್ರ ಬರೆಸುತ್ತಿದ್ದರು. ಎಲ್ಮಾಲಿ ಚರ್ಚಿನಲ್ಲಿ ಗಾರೆ ಉದುರಿದ ಕಡೆ ಒಳಗಿನ ಕೆಂಪು ಗೆರೆಗಳು ಇಣುಕುತ್ತವೆ. ಅದೇ ಕಣಿವೆಯ ತೊಕಾಲಿ ಚರ್ಚಿನಲ್ಲಿ ಹಣವಂತರು ಲ್ಯಾಪಿಸ್ ಲಾಜುಲಿ ಎಂಬ ದುಬಾರಿ ನೀಲಿಕಲ್ಲನ್ನು ಅರೆಸಿ ಬಳಿಸಿದ್ದಾರೆ. ಹಾಗಾಗಿ ಬಾರ್ಬರಾದಲ್ಲಿ ನಾನು ಕಾಣುವುದು ಧರ್ಮದ ಜಗಳವನ್ನಲ್ಲ, ಖಾಲಿ ಜೇಬನ್ನು.

ನಾಪೋಕ್ಲಿನ ತೋಟದವರು:
ಮೇಡಂ, ಕತ್ತಲೆ ಚರ್ಚಿನ ಬಣ್ಣ ಉಳಿದದ್ದು ಹೇಗೆ?

ಮಡಿಕೇರಿಯ ನಿವೃತ್ತ ಅಧ್ಯಾಪಕಿ:
ಕಿಂಡಿ ಸಣ್ಣದು, ಬೆಳಕು ಕಡಿಮೆ. ಇನ್ನೊಂದು ಕಾರಣ ನಿಮ್ಮಂಥ ಕೃಷಿಕರಿಗೆ ಇಷ್ಟವಾದೀತು: ಅದು ಪಾರಿವಾಳದ ಗೂಡಾಗಿತ್ತು. ಅಲ್ಲಿನ ರೈತರು ದ್ರಾಕ್ಷಿತೋಟಕ್ಕೆ ಪಾರಿವಾಳದ ಹಿಕ್ಕೆಯನ್ನೇ ಗೊಬ್ಬರವಾಗಿ ಹಾಕುತ್ತಿದ್ದರು; ಹಳೆಯ ಚರ್ಚುಗಳ ಬಾಯಿ ಮುಚ್ಚಿ ಹಕ್ಕಿಗಳಿಗೆ ಕಿಂಡಿ ಬಿಡುತ್ತಿದ್ದರು. ಆಮೇಲೆ ಗೋಡೆಯಿಂದ ಹಿಕ್ಕೆ ಕೆರೆದು ಚಿತ್ರಗಳನ್ನು ಹೊರತೆಗೆಯುವುದೇ ದೊಡ್ಡ ಕೆಲಸವಾಯಿತು. ನಮ್ಮ ಮಡಿಕೇರಿ ಕೋಟೆಯ ಸಂತ ಮಾರ್ಕನ ಚರ್ಚು ವಸ್ತುಸಂಗ್ರಹಾಲಯವಾಗಿದೆ, ಹಕ್ಕಿಗೂಡಾಗಲಿಲ್ಲ.

ಸಿದ್ದಾಪುರದ ಬೆಳೆಗಾರ:
ಒಪ್ಪಿದೆ ಮೇಡಂ. ಸಂತರ ಕಣ್ಣು ಕೆರೆದದ್ದೂ ನಿಷೇಧದ ಕಾಲದಲ್ಲೇ ಎಂದಿದ್ದರು ಆ ಗೈಡ್.

ಮಡಿಕೇರಿಯ ನಿವೃತ್ತ ಅಧ್ಯಾಪಕಿ:
ನಿಷೇಧ ಮುಗಿದ ಎಷ್ಟೋ ಕಾಲದ ನಂತರ ಬರೆದ ಚಿತ್ರವನ್ನು ನಿಷೇಧದವರು ಕೆರೆಯುವುದು ಹೇಗೆ? ಅದು ನಂತರದವರ ಕೆಲಸ. ನಿಮ್ಮ ಫೋಟೊಗಳನ್ನು ಮತ್ತೆ ನೋಡಿ: ಗಾಯಗಳೆಲ್ಲ ಹೆಚ್ಚಾಗಿ ಕೈಗೆಟಕುವ ಎತ್ತರದಲ್ಲೇ ಇರುತ್ತವೆ. ಗುಮ್ಮಟದ ಕ್ರಿಸ್ತನನ್ನು ಮುಟ್ಟಲು ಏಣಿ ಬೇಕಿತ್ತು.