ಹ್ಯಾಪ್ಲಾಯ್ಡ್, ಡಿಪ್ಲಾಯ್ಡ್‌ಗೆ ಯಾವ ಪದ ಹೊಂದುತ್ತದೆ?

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ಪಿಯುಸಿ ಮಕ್ಕಳಿಗಾಗಿ ವರ್ಣತಂತುಗಳ (ಕ್ರೋಮೋಸೋಮ್) ಪಾಠ ಬರೆಯುತ್ತಿದ್ದೇನೆ. ಹ್ಯಾಪ್ಲಾಯ್ಡ್, ಡಿಪ್ಲಾಯ್ಡ್ ಬಂದಲ್ಲಿ ಕೈ ನಿಂತಿದೆ. ಕೋಶದಲ್ಲಿ ವರ್ಣತಂತುಗಳ ಒಂದೇ ಸೆಟ್ ಇದ್ದರೆ ಹ್ಯಾಪ್ಲಾಯ್ಡ್, ಎರಡು ಸೆಟ್ ಇದ್ದರೆ ಡಿಪ್ಲಾಯ್ಡ್. ಏಕಗುಣಿತ, ದ್ವಿಗುಣಿತ ಬಳಕೆಯಲ್ಲಿವೆ, ಗೊತ್ತು. ಆದರೆ ‘ದ್ವಿಗುಣ’ ಅಂದ ಕೂಡಲೇ ಮಕ್ಕಳು ಲೆಕ್ಕಕ್ಕೆ ಇಳಿಯುತ್ತಾರೆ. ಮನುಷ್ಯನದು 46 ವರ್ಣತಂತು ಅಲ್ವಾ, ದ್ವಿಗುಣಿತ ಅಂದರೆ 92 ಆಗಬೇಕಲ್ಲ ಅಂತ ಕೇಳುತ್ತಾರೆ. ಅವರದೇನು ತಪ್ಪು? 46 ಅನ್ನುವುದೇ ಡಿಪ್ಲಾಯ್ಡ್ ಸಂಖ್ಯೆ. ಅಂಡಾಣು, ವೀರ್ಯಾಣುವಿನಲ್ಲಿ 23.

ಹೋಗಲಿ, ‘ಅರ್ಧ’, ‘ಪೂರ್ಣ’ ಅನ್ನೋಣವೆಂದರೆ ಜೇನು ಅಡ್ಡ ಬರುತ್ತದೆ. ರಾಣಿಗೂ ಕೆಲಸಗಾರ ಜೇನಿಗೂ 32. ಗಂಡು ಜೇನು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಅದಕ್ಕೆ ಅಪ್ಪನೇ ಇಲ್ಲ, ಇರುವುದು 16 ಮಾತ್ರ. ವೀರ್ಯಾಣು ಮಾಡುವಾಗಲೂ ಅದು 16ನ್ನು ಮತ್ತೆ ಇಬ್ಭಾಗ ಮಾಡುವುದಿಲ್ಲ. ಅಂಥ ಹುಳುವನ್ನು ಅರ್ಧ ಅನ್ನುವುದು ಹೇಗೆ?

‘ಒಂಟಿ’, ‘ಜೋಡಿ’ ನಮ್ಮ ಕಡೆ ಬಾಯಿಗೆ ಸಲೀಸು. ಆದರೆ ಹೇಸರಗತ್ತೆಯನ್ನು ನೋಡಿ. ಕುದುರೆಯ 64ರಿಂದ 32, ಕತ್ತೆಯ 62ರಿಂದ 31, ಒಟ್ಟು 63. ಜೋಡಿ ನೆಟ್ಟಗೆ ಕೂಡುವುದಿಲ್ಲ. ಅದಕ್ಕೆ ಮರಿ ಆಗದಿರಲು ಇದೂ ಒಂದು ಕಾರಣ. ಆದರೂ ಅದರ ಮೈಕೋಶ ಡಿಪ್ಲಾಯ್ಡೇ: ತಾಯಿಯದೊಂದು ಸೆಟ್, ತಂದೆಯದೊಂದು ಸೆಟ್. ದಾಂಡೇಲಿ ಕಾಡಿನ ಕಾಡುಕುರಿ (ಬೊಗಳುವ ಜಿಂಕೆ) ಇನ್ನೂ ವಿಚಿತ್ರ. ಹೆಣ್ಣಿಗೆ 6, ಗಂಡಿಗೆ 7!

‘ಒಂದೆಳೆ, ಎರಡೆಳೆ’ ಅಂತಲೂ ಒಬ್ಬರು ಹೇಳಿದರು. ಕಿವಿಗೆ ಚೆಂದ, ಆದರೆ ಬೇಡ. ಕೋಶ ಒಡೆಯುವ ಮೊದಲು ಪ್ರತಿ ವರ್ಣತಂತುವೂ ನಕಲಾಗಿ ಎರಡೆಳೆಯಾಗಿಯೇ ಇರುತ್ತದೆ. ಆಗ ಸೆಟ್ ಯಾವುದು, ಎಳೆ ಯಾವುದು ಅಂತ ಗೊಂದಲ ಜಾಸ್ತಿ.

ಎಣಿಸಬೇಕಾದ್ದು ಸೆಟ್ ಮಾತ್ರ. ಅದಕ್ಕೆ ನನಗೆ ಹಿಡಿಸಿದ ಪದ ಇಸ್ಪೀಟಿನ ‘ಕಟ್ಟು’. ರಮ್ಮಿಗೆ ಎರಡು ಕಟ್ಟು ಕಲಸುತ್ತಾರಲ್ಲ, ಆಗ ಪ್ರತಿ ಎಲೆಯೂ ಎರಡೆರಡು ಇರುತ್ತದೆ. ಹಾಗೆ ಒಂದುಕಟ್ಟಿನ ಕೋಶ, ಎರಡುಕಟ್ಟಿನ ಕೋಶ. ಮುಂದಕ್ಕೂ ಇದು ಹಿಗ್ಗುತ್ತದೆ: ಜವೆಗೋಧಿ (ಖಪ್ಲಿ ಗೋಧಿ, ಬಾರ್ಲಿ ಅಲ್ಲ) ನಾಲ್ಕುಕಟ್ಟು, ಬ್ರೆಡ್ಡಿನ ಗೋಧಿ ಆರುಕಟ್ಟು. ಇಸ್ಪೀಟನ್ನು ಪಾಠದಲ್ಲಿ ತಂದರೆ ಹೆಡ್‌ಮಾಸ್ತರರು ಹುಬ್ಬೇರಿಸಬಹುದು, ಅದು ಬೇರೆ ಮಾತು.

ಮೈಸೂರು, ಮಂಗಳೂರು ಕಡೆಯವರ ಕಿವಿಗೂ ‘ಕಟ್ಟು’ ಅಂದರೆ ಪೂರಾ ಒಂದು ಸೆಟ್ ಅಂತಲೇ ಕೇಳುತ್ತದೆಯೇ? ಇಲ್ಲಾ, ಸೊಪ್ಪಿನ ಕಟ್ಟೇ ಮೊದಲು ನೆನಪಾಗುತ್ತದೆಯೇ?