ಡಿ3 (ಜಾವಾಸ್ಕ್ರಿಪ್ಟ್‌ನಾಗ ಗ್ರಾಫ್ ಬಿಡಿಸೋ ಲೈಬ್ರರಿ) ಒಳಗ ಒಂದ ಚಾರ್ಟ್ ಕೋಡ್ ಮೂರು ಕಡೆ ಹಾಕಿ ಎಲ್ಲಾ ಕಲಸುಮೇಲೋಗರ ಆಗೇತಿ, ಯಾರಾದ್ರೂ ನೋಡ್ರಿ

ಕಾರಟಗಿ_ಹುಡುಗ
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಕಡೆ ಮಳಿಗಾಲ ಬಂತಂದ್ರ ವಾಟ್ಸಾಪ್‌ನಾಗ ಎಲ್ಲಾರೂ ಕೇಳೋದು ಒಂದ, ಡ್ಯಾಮಿಗೆ ಎಷ್ಟು ಬಂತು, ಎಷ್ಟು ಬಿಟ್ರು ಅಂತ. ಅದಕ್ಕ ತುಂಗಭದ್ರಾದ್ದು ಒಂದು ಸಣ್ಣ ಪೇಜ್ ಮಾಡಾಕತ್ತೀನಿ. ನೀರಿನ ಮಟ್ಟದ ಗ್ರಾಫ್ ಚೊಲೋ ಬಂತು, ಅದ ಕೋಡ್ ಕಾಪಿ ಹೊಡದು ಒಳಹರಿವಿಗೊಂದು ಹೊರಹರಿವಿಗೊಂದು ಹಾಕಿದೆ ನೋಡ್ರಿ, ಈಗ ಮೂರೂ ಬಂದು ಮೊದಲನೇ ಡಬ್ಬಿಯೊಳಗ ಕುಂತಾವು, ಕೆಳಗಿನ ಎರಡೂ ಖಾಲಿ. ಮತ್ತ ವರ್ಷ ಬದಲಿಸೋ ಡ್ರಾಪ್‌ಡೌನ್ ಒತ್ತಿದಂಗೆಲ್ಲಾ ಅಕ್ಷದ ಮ್ಯಾಗಿನ ನಂಬರ್ ದಪ್ಪ ದಪ್ಪ ಆಗಾಕತ್ತಾವು, ಬೋಲ್ಡ್ ಎಲ್ಲೂ ಕೊಟ್ಟಿಲ್ರಿ ನಾನು. ಮುಂದ ಭತ್ತದ ರೇಟಿಗೂ ಇದ ಗ್ರಾಫ್ ಬೇಕು, ಪ್ರತಿ ಸಲ ಇನ್ನೂರು ಲೈನ್ ಕಾಪಿ ಮಾಡಿ ಸಾಕಾಗೇತಿ. ಡಿ3 ಬಿಟ್ಟು ಚಾರ್ಟ್.ಜೆಎಸ್ ಅನ್ನೋ ಇನ್ನೊಂದು ಲೈಬ್ರರಿಗೆ ಹೋಗಿಬಿಡ್ಲ್ಯಾ?

ರಾಯಚೂರು_ಬಿಸಿಲು
ತಮ್ಮಾ, ಅಕ್ಷರ ದಪ್ಪ ಆಗ್ಲಿಕತ್ತಿಲ್ಲ, ಒಂದರ ಮ್ಯಾಲ ಒಂದು ಕುಂದರ್ಲಿಕತ್ತಾವ. ಅಪ್‌ಡೇಟ್ ಫಂಕ್ಷನ್ ಒಳಗ ಅಕ್ಷಕ್ಕ ಅಪೆಂಡ್ (ಹೊಸಾದು ಸೇರಸೋದು) ಬರದೀದಿ, ಹತ್ತು ಸಲ ಒತ್ತಿದ್ರ ಹತ್ತು ಅಕ್ಷ. ಇನ್‌ಸ್ಪೆಕ್ಟ್ ತಗದು ಎಣಿಸು ಬೇಕಾದ್ರ. ಅಕ್ಷದ ಗ್ರೂಪ್ ಒಂದೇ ಸಲ ಹುಟ್ಟಬೇಕು, ಆಮೇಲೆ ಅದನ್ನೇ ಹಿಡದು ತಿದ್ದಬೇಕು. ಇನ್ನ ಬರೇ ಸೆಲೆಕ್ಟ್ ಎಸ್‌ವಿಜಿ (ಗ್ರಾಫ್ ಬಿಡಿಸೋ ಚೌಕಟ್ಟು) ಅಂತ ಬರದ್ರ ಪೇಜಿನಾಗ ಮೊದಲು ಸಿಕ್ಕ ಎಸ್‌ವಿಜಿನೇ ಹಿಡೀತದ, ಅದಕ್ಕ ಮೂರೂ ಅಲ್ಲೇ ಹೋಗ್ಯಾವ.

ಕಂಬಗಳಿಗೆ ಜಾಯಿನ್ ಬಳಸು, ಅದು ಡೇಟಾಕ್ಕೂ ಕಂಬಕ್ಕೂ ಜೋಡಿ ಹಾಕ್ತದ. ಕೀ (ಯಾವ ಡೇಟಾ ಯಾವ ಕಂಬದ್ದು ಅನ್ನೋ ಗುರುತು) ಮಾತ್ರ ವರ್ಷ ಬಿಟ್ಟು ದಿನ-ತಿಂಗಳು ಅಷ್ಟೇ ಕೊಡು, ಆಗ ಜುಲೈ 20ರ ಕಂಬ ಯಾವ ವರ್ಷ ಆರಿಸಿದ್ರೂ ಜುಲೈ 20ರದ್ದೇ ಇರ್ತದ. ಕೀ ಕೊಡದಿದ್ರ ಇಂಡೆಕ್ಸ್ (ಸಾಲಿನ ನಂಬರ್) ಲೆಕ್ಕದಾಗ ಹೊಂದಸ್ತದ, ನಡುವ ಒಂದು ದಿನದ ಡೇಟಾ ಇಲ್ಲಂದ್ರ ಅಲ್ಲಿಂದ ಮುಂದ ಒಬ್ಬರ ಕಂಬ ಇನ್ನೊಬ್ಬರ ಪಾಲು.

ಚಾರ್ಟ್.ಜೆಎಸ್‌ಗೆ ಓಡಿದ್ರೂ ಇದೇ ರೋಗ. ಹಳೇದನ್ನ ಡೆಸ್ಟ್ರಾಯ್ ಮಾಡದೆ ಅದೇ ಕ್ಯಾನ್ವಾಸ್ ಮ್ಯಾಲ ಹೊಸಾದು ಹಾಕ್ಲಿಕ್ಕೆ ಹೋದ್ರ ಕ್ಯಾನ್ವಾಸ್ ಖಾಲಿ ಇಲ್ಲ ಅಂತ ಎರರ್ ಒಗಿತದ.

ಬಳ್ಳಾರಿ_ಬ್ರೌಸರ್
ಮೇಲಿನವರು ಹೇಳಿದ್ದು ಸರಿ ಐತೆ, ಆದ್ರೆ ನಿನ್ ಅಸಲಿ ತೊಂದ್ರೆ ಏನಂದ್ರೆ ನಿನ್ ಚಾರ್ಟಿಗೆ ಡ್ಯಾಮ್ ಗೊತ್ತೈತೆ. ಗೊತ್ತಿರಬಾರದು. ಚಾರ್ಟ್ ಕೋಡಲ್ಲಿ ಮಟ್ಟ, ಒಳಹರಿವು ಅನ್ನೋ ಕಾಲಂ ಹೆಸರು ಒಂದೂ ಸಿಗಬಾರದು, ಎಕ್ಸ್ ಎಲ್ಲಿಂದ ತಗೋಬೇಕು ವೈ ಎಲ್ಲಿಂದ ತಗೋಬೇಕು ಅಂತ ಎರಡು ಸಣ್ಣ ಫಂಕ್ಷನ್ ಹೊರಗಿಂದ ಕೊಡು. ಡಿ3 ಮಾಡಿದ ಮೈಕ್ ಬೊಸ್ಟಾಕ್ 2012ರಲ್ಲೇ ಈ ದಾರಿ ಹೇಳಿದ್ರು: ಒಂದು ಫಂಕ್ಷನ್, ಅದು ಇನ್ನೊಂದು ಫಂಕ್ಷನ್ ವಾಪಸ್ ಕೊಡ್ತೈತೆ, ಅಗಲ ಎತ್ತರ ಎಲ್ಲಾ ಒಳಗೆ ಕ್ಲೋಷರ್‌ನಲ್ಲಿ, ಅಂದ್ರೆ ಆ ಫಂಕ್ಷನ್ ನೆನಪಿಟ್ಕೊಂಡಿರೋ ಜಾಗದಲ್ಲಿ, ಇರ್ತಾವೆ. ಅಗಲಕ್ಕೆ ನಂಬರ್ ಕೊಟ್ರೆ ಬದಲಾಗಿ ಚಾರ್ಟನ್ನೇ ವಾಪಸ್ ಕೊಡ್ತೈತೆ, ಏನೂ ಕೊಡದೆ ಕರೆದ್ರೆ ಈಗಿರೋ ಅಗಲ ಹೇಳ್ತೈತೆ. ಡಬ್ಬಿ ಸೆಲೆಕ್ಟ್ ಮಾಡಿ ಕಾಲ್ ಅಂತ ಚಾರ್ಟನ್ನ ಕೊಟ್ರೆ ಮುಗೀತು, ಯಾವ ಡಬ್ಬಿ ಕೊಟ್ಯೋ ಅಲ್ಲೇ ಬಿಡಿಸ್ತೈತೆ.

ವೈ ಅಕ್ಷದ ರೇಂಜೂ ಹೊರಗಿಂದ್ಲೇ ಬರ್ಲಿ ಮಾರಾಯ. ಹೊರಹರಿವಿನ ಕಂಬ ಸೊನ್ನೆಯಿಂದ ಏಳಬೇಕು, ಇಲ್ಲಾಂದ್ರೆ ಅದು ಸುಳ್ಳು. ಮಟ್ಟ ಹಂಗಲ್ಲ, ಡ್ಯಾಮ್ ತುಂಬಿದಾಗ 1,633 ಅಡಿ, ಸಮುದ್ರಮಟ್ಟದಿಂದ ಎಣಿಸಿದ್ದು, ಅದನ್ನ ಸೊನ್ನೆಯಿಂದ ಬಿಡಿಸಿದ್ರೆ ಬೇಸಿಗೆನೂ ಒಂದೇ ಮಳೆಗಾಲನೂ ಒಂದೇ, ಚಪ್ಪಟೆ ಗೆರೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕಿತ್ಕೊಂಡು ಹೋಗಿ ತುಂಬಿದ ಡ್ಯಾಮಿಂದ ಬೇಜಾನ್ ನೀರು ಹೊರಗೆ ಬಿಡ್ಬೇಕಾಯ್ತಲ್ಲ, ಆ ಇಳಿತಾನೂ ಅದ್ರಲ್ಲಿ ಕಾಣಲ್ಲ. ವರ್ಷನೂ ಜನವರಿಯಿಂದ ಬ್ಯಾಡ, ಜೂನಿಂದ ಮೇ ತನಕ ಹಾಕು.

ಕಾರಟಗಿ_ಹುಡುಗ
ಅಣ್ಣಾರ, ಮೂರೂ ತಮ್ಮ ತಮ್ಮ ಡಬ್ಬಿಗೆ ಹೋದ್ವು! ಆದ್ರ ಎರಡು ಹೊಸಾ ತಕರಾರು. ಮೂರನೇ ಗ್ರಾಫ್ ದೊಡ್ಡದು ಮಾಡೀನಿ, ಅದರ ಬಲಗಡಿ ಅರ್ಧ ಕಾಣವಲ್ದು, ಕತ್ತರಿ ಹಾಕಿದಂಗ ಐತಿ. ಮತ್ತ ಲಕ್ಷದ ನಂಬರ್ 120,000 ಅಂತ ಬರ್ತೈತಿ, ನಮ್ಮಪ್ಪ ಅದನ್ನ ಹನ್ನೆರಡು ಸಾವಿರ ಅಂತ ಓದಿದ.

ರಾಯಚೂರು_ಬಿಸಿಲು
ಕ್ಲಿಪ್‌ಪಾಥ್ (ಚೌಕಟ್ಟಿನ ಹೊರಗಿಂದನ್ನ ಕತ್ತರಿಸೋದು) ಹಾಕೀದಿ, ಐಡಿ ಮೂರಕ್ಕೂ ಒಂದೇ ಇಟ್ಟೀದಿ, ಹೌದಿಲ್ಲೋ? ಮೂರನೇದು ಮೊದಲನೇದರ ಕತ್ತರಿ ತಗೊಂಡದ. ಪ್ರತಿ ಚಾರ್ಟಿಗೂ ಒಂದು ಕೌಂಟರ್ ಹಚ್ಚಿ ಐಡಿ ಬ್ಯಾರೆ ಬ್ಯಾರೆ ಮಾಡು. ಗ್ರೇಡಿಯಂಟ್ ಇದ್ರ ಅದಕ್ಕೂ ಅಷ್ಟೇ. ನಾನು ಇದೊಂದಕ್ಕ ಒಂದು ಇಡೀ ರಾತ್ರಿ ಕರೆಂಟ್ ಇಲ್ಲದ ಮನ್ಯಾಗ ಲ್ಯಾಪ್‌ಟಾಪ್ ಬ್ಯಾಟರಿ ಮುಗಿಸೀನಿ.

ಬಳ್ಳಾರಿ_ಬ್ರೌಸರ್
ನಂಬರಿಗೆ ಡಿ3ಯಲ್ಲಿ ಫಾರ್ಮ್ಯಾಟ್ ಲೊಕೇಲ್ ಐತೆ, ಕಾಮಾ ಎಲ್ಲಿ ಬೀಳಬೇಕು ಅಂತ ಹೇಳೋದು, ಗ್ರೂಪಿಂಗ್ 3, 2, 2, 2 ಅಂತ ಉದ್ದಕ್ಕೆ ಕೊಡು. ಬರೇ 3, 2 ಕೊಟ್ರೆ ತಿರುಗಿ 3ರಿಂದ ಶುರು ಮಾಡ್ತೈತೆ, ಲಕ್ಷದ ತನಕ ಸರಿ ಕಾಣ್ತೈತೆ, ಕೋಟಿಗೆ ಬಂದಾಗ ಕೆಡ್ತೈತೆ. ಫೋನಲ್ಲಿ ಒಂದ್ಸಲ ನೋಡು, ವ್ಯೂಬಾಕ್ಸ್ (ಇಡೀ ಚಿತ್ರನ ಹಿಗ್ಗಿಸಿ ಕುಗ್ಗಿಸೋದು) ನಂಬಿ ಕುಂತ್ರೆ ಗ್ರಾಫ್ ಜೊತೆ ಅಕ್ಷರನೂ ಕುಗ್ಗಿ ಇರುವೆ ಸಾಲಾಗ್ತೈತೆ, ಡಬ್ಬಿ ಅಗಲ ಅಳೆದು ಚಾರ್ಟಿಗೆ ಕೊಟ್ಟು ಮತ್ತೆ ಬಿಡಿಸೋದು ವಾಸಿ.

ಕಾರಟಗಿ_ಹುಡುಗ
ಐಡಿನ ಆಗಿತ್ತು ಅಣ್ಣಾ, ಸರಿಹೋತು. ಭತ್ತದ ರೇಟೂ ಅದ ಚಾರ್ಟಿಗೆ ಕೊಟ್ಟೆ, ಎಂಟು ಲೈನಿನಾಗ ಬಂತು. ಫೋನಿನ್ದು ರಾತ್ರಿ ನೋಡ್ತೀನಿ, ಈಗ ಅಪ್ಪ ಗದ್ದಿಗೆ ನೀರು ಕಟ್ಟಾಕ ಕರಿಯಾಕತ್ತಾನ.