ಗ್ಲಾಸ್ಗೋದಿಂದ ಒಂದೇ ದಿನದಲ್ಲಿ ಕೋಟೆ ನೋಡಿ ಬರೋಕೆ ರೈಲಾ, ಟೂರ್ ಬಸ್ಸಾ, ಬಾಡಿಗೆ ಕಾರಾ?

ಹಾಸನ_ಗ್ಲಾಸ್ಗೋ: ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ.ಗೆ ಸ್ಕಾಟ್ಲೆಂಡ್‌ಗೆ ಬಂದು ಎರಡು ತಿಂಗಳಾಯ್ತು. ನವೆಂಬರ್ ಮೊದಲ ಶನಿವಾರ ಐದು ಜನ ಗೆಳತಿಯರು ಹಳೇ ಕೋಟೆನೋ ಯುದ್ಧ ನಡೆದ ಜಾಗನೋ ನೋಡ್ಕೊಂಡು ರಾತ್ರಿಯೊಳಗೆ ವಾಪಸ್ ಬರಬೇಕು ಅಂತಿದ್ದೀವಿ. ತಲೆಗೆ 45 ಪೌಂಡ್ ಮೀರಬಾರದು. ಒಬ್ಬಳಿಗೆ ಮಂಡಿನೋವು, ಜಾಸ್ತಿ ಮೆಟ್ಟಿಲು ಆಗಲ್ಲ. ಸ್ಟರ್ಲಿಂಗಾ, ಗ್ಲೆನ್‌ಕೋ ಕಡೆನಾ, ಸ್ಕೈ ದ್ವೀಪನಾ? ಹೋಗಿ ಬಂದವರು ಅನುಭವ ಹೇಳಿ.

ಧಾರವಾಡದವ: ಕಾರ್ ವಿಷಯ ನನ್ನ ಕೇಳ್ರಿ. ಹೋದ ನವೆಂಬರ್‌ದಾಗ ಐದು ಮಂದಿ ಗ್ಲೆನ್‌ಫಿನನ್‌ಗೆ ಹೋಗಿದ್ವಿ. ಬಾಡಿಗಿ 58 ಪೌಂಡ್, ನನಗ 25 ತುಂಬಿಲ್ಲಂತ 32, ಆಟೋಮ್ಯಾಟಿಕ್ ಗಾಡಿಗೆ 15, ಪೆಟ್ರೋಲ್ 41. ಒಟ್ಟು 146, ತಲೆಗೆ 29 ಅಂತ ಖುಷಿಯಾಗಿದ್ವಿ. ಕೌಂಟರ್‌ನ್ಯಾಗ ಡೆಬಿಟ್ ಕಾರ್ಡ್ ನಡಿಯೂದಿಲ್ಲ, ಗಾಡಿ ಹೊಡಿಯಾವನ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕಂದ್ರು. ಗೆಳ್ಯಾಗ ಕ್ರೆಡಿಟ್ ಕಾರ್ಡ್ ಇತ್ತು, ಲೈಸೆನ್ಸ್ ಇದ್ದಾಂವ ನಾನು! ಅದು ಬಗೆಹರಿಯೂದ್ರಾಗ ಒಂದೂವರೆ ತಾಸು ಹೋತು. ದಾರ್ಯಾಗ ಒಂದು ಕಡೆ ರಸ್ತೆ ಸಣ್ಣದು, ಎದುರಿಗೆ ಬಂದ ವ್ಯಾನಿಗೆ ಜಾಗ ಬಿಡಾಕ ಬದಿಗೆ ತಗೊಂಡ್ರ ಎಡಗಡೆ ಮುಂದಿನ ಟೈರು ಕಲ್ಲಿಗೆ ಬಡದು ಉಬ್ಬಿತು. ಗಾಡಿ ವಾಪಸ್ ಕೊಟ್ಟ ಮ್ಯಾಲೆ 165 ಪೌಂಡ್ ಕಿತ್ಗೊಂಡ್ರು. ತಲೆಗೆ 62 ಬಿತ್ತು. ಗ್ಲೆನ್‌ಫಿನನ್‌ದಾಗ 21 ಕಮಾನಿನ ರೈಲು ಸೇತುವಿ ಮ್ಯಾಲೆ ಉಗಿಬಂಡಿ ನೋಡೂದಂತ ಹೋದ್ರ ಅದು ಅಕ್ಟೋಬರ್‌ಗೇ ನಿಂತಿತ್ತು. ನಾಲ್ಕೂ ಕಾಲಿಗೆ ಹೊತ್ತು ಮುಳುಗಿತು.

ಆದ್ರೂ ಗ್ಲೆನ್‌ಕೋದಾಗ ಇಳದು ನಿಂತಿದ್ದು ಮರಿಯಾಂಗಿಲ್ಲ. 1692ರಾಗ ಅಲ್ಲಿನ ಮ್ಯಾಕ್‌ಡೊನಾಲ್ಡ್ ಕುಲದವರ ಮನ್ಯಾಗ ಹನ್ನೆರಡು ದಿನ ಉಂಡು ಮಲಗಿದ್ದ ಸರ್ಕಾರದ ಸೈನಿಕರು ಫೆಬ್ರವರಿ 13ರ ನಸುಕಿನ್ಯಾಗ ಅವರನ್ನೇ ಕಡದ್ರು. ಉಂಡ ಮನಿಗೆ ಎರಡು ಬಗಿಯೂದಂದ್ರ ಅದು. ಆ ಹಿಮದಾಗ ಓಡಿಹೋದ ಹೆಣ್ಣುಮಕ್ಕಳು, ಹುಡುಗ್ರು ಚಳಿಗೇ ಸತ್ರಂತ. ಅಲ್ಲಿ ಗಾಳಿಯೊಳಗ ಐದು ನಿಮಿಷ ನಿಂತ್ರ ಅದು ಮೈಗೆ ತಿಳಿತದ.

ಮೈಸೂರು_ಎಡಿನ್‌ಬರೋ: ಸ್ಟರ್ಲಿಂಗ್ ಅಂದ್ರೆ ಸ್ಟರ್ಲಿಂಗೇ. ರೈಲಿಂದ ಇಳಿದು ನಡ್ಕೊಂಡೇ ಕೋಟೆಗೆ ಹತ್ತಿದ್ವಿ. ಒಳಗೆ ಸ್ಕಾಟ್ಲೆಂಡ್ ರಾಜ ಐದನೇ ಜೇಮ್ಸ್‌ನ ಅರಮನೆ ಚಾವಣಿಗೆ ಓಕ್ ಮರದಲ್ಲಿ ಕೆತ್ತಿದ ದುಂಡನೆಯ ತಲೆಗಳಿವೆ. ಈಗ ಮೇಲಿರೋದು ಹೊಸದಾಗಿ ಕೆತ್ತಿ ಬಣ್ಣ ಹಾಕಿದ್ದು, ಹಳೇವು ಪಕ್ಕದಲ್ಲಿ ಬೇರೆ ಇಟ್ಟಿದ್ದಾರೆ. ಅವನ್ನ ಬಿಟ್ಟು ಬರಬೇಡಿ. ಮರ ಕಪ್ಪಾಗಿ ಸೀಳಿದೆ, ಒಬ್ಬ ಹೆಂಗಸಿನ ಕೆನ್ನೆ ಮೇಲೆ ಉಳಿ ಎಳೆದ ಗೆರೆ ಇನ್ನೂ ಕಾಣುತ್ತೆ. ನಾನು ಅಲ್ಲೇ ಅರ್ಧ ಗಂಟೆ ನಿಂತಿದ್ದೆ.

ಟಿಕೆಟ್ ಮುಂಚೆನೇ ಆನ್‌ಲೈನಲ್ಲಿ ತಗೊಂಡ್ರೆ ಕಮ್ಮಿ. ನಾನು ಮರೆತು ಗೇಟಲ್ಲಿ ತಗೊಂಡೆ, ನಾಲ್ಕು ಜನಕ್ಕೆ 8 ಪೌಂಡ್ ದಂಡ ತೆತ್ತ ಹಾಗಾಯ್ತು, ಆ ಬೇಜಾರು ಇನ್ನೂ ಇದೆ. ಮಧ್ಯಾಹ್ನ, ಇಂಗ್ಲಿಷರ ವಿರುದ್ಧ ಹೋರಾಡಿದ ವಿಲಿಯಂ ವ್ಯಾಲೆಸ್‌ನ ಸ್ಮಾರಕ. 246 ಮೆಟ್ಟಿಲು, ಸುತ್ತು ಮೆಟ್ಟಿಲು, ಇಳಿಯೋರು ಬಂದ್ರೆ ಗೋಡೆಗೆ ಅಂಟ್ಕೊಂಡು ನಿಲ್ಲಬೇಕು. ಮೇಲಿಂದ 1297ರ ಸೇತುವೆ ಯುದ್ಧದ ಜಾಗ ಪೂರ್ತಿ ಕಾಣುತ್ತೆ. ಈಗಿರೋ ಕಲ್ಲಿನ ಸೇತುವೆ ಆಮೇಲಿನದು, ವ್ಯಾಲೆಸ್ ಕಾಲದ್ದು ಮರದ್ದು.

ಕುಡ್ಲ_ಡಂಡೀ: ಸ್ಕೈಗೆ ಒಂದು ದಿನದಲ್ಲಿ ಹೋಗ್ಲೇಬೇಡಿ ಮಾರಾಯ್ರೆ. ಟೂರ್ ಬಸ್ಸಿಗೆ 69, ಬೆಳಿಗ್ಗೆ ಗ್ಲಾಸ್ಗೋದಲ್ಲಿ ಇರಬೇಕು ಅಂತ ಹಿಂದಿನ ರಾತ್ರಿ ಹಾಸ್ಟೆಲಿಗೆ 28, ಡಂಡೀಯಿಂದ ಬಂದು ಹೋಗ್ಲಿಕ್ಕೆ 17. ಒಟ್ಟು 114 ಪೌಂಡ್ ಕೊಟ್ಟು ನಾನು ನೋಡಿದ್ದು ಎದುರು ಸೀಟಿನ ಬೆನ್ನು. ಲಾಕ್ ಲೋಮಂಡ್ ದಾಟುವಾಗಲೇ ವಾಂತಿ. ಸ್ಕೈ ದಾರಿಯಲ್ಲಿ ಸಿಗುವ ಐಲೀನ್ ಡೋನನ್ ಕೋಟೆ ಹತ್ರ ಇಪ್ಪತ್ತು ನಿಮಿಷ ಮಾತ್ರ, ಮಳೆಯಲ್ಲಿ ಫೋಟೋ ಹೊಡೆದು ವಾಪಸ್. ಅದೂ ನಿಜವಾದ ಹಳೇ ಕೋಟೆ ಅಲ್ಲ. 1719ರಲ್ಲಿ ಬ್ರಿಟಿಷ್ ನೌಕಾಪಡೆಯವರು ಸಿಡಿಸಿದ್ರು, ಈಗ ಕಾಣುವುದು 1912ರಿಂದ 1932ರವರೆಗೆ ಕಟ್ಟಿದ್ದು.

ಮಂಡ್ಯ_ಅಬರ್ಡೀನ್: ಸ್ಕೈನ ಹೀಗಳೆಯಬೇಡಿ. ನಾನೂ ಅದೇ ಥರ ಟೂರಲ್ಲೇ ಹೋಗಿದ್ದು, ಆ ಕೋಟೆ ಮುಂದೆ ನನ್ನ ಕಣ್ಣಲ್ಲಿ ನೀರು ಬಂತು. ಇನ್ನೂರು ವರ್ಷ ಹಾಳುಬಿದ್ದ ಕೋಟೆನ ಒಬ್ಬರು ಇಪ್ಪತ್ತು ವರ್ಷ ಕೂತು ಎತ್ತಿ ನಿಲ್ಲಿಸಿದ್ರೆ ಅದು ಸುಳ್ಳು ಕೋಟೆ ಆಗುತ್ತಾ? ಸ್ಟರ್ಲಿಂಗ್‌ನ ದೊಡ್ಡ ಸಭಾಂಗಣಕ್ಕೂ 1999ರಲ್ಲಿ ಹೊಸ ಬಣ್ಣ ಹೊಡ್ದಿದ್ದಾರಲ್ಲ, ಅದನ್ಯಾಕೆ ಯಾರೂ ಕೇಳಲ್ಲ?

ಮೈಸೂರು_ಎಡಿನ್‌ಬರೋ: ಹೋಲಿಕೆನೇ ಸರಿಯಿಲ್ಲ ರೀ. ಆ ಸಭಾಂಗಣದ ಗೋಡೆ ನಾಲ್ಕನೇ ಜೇಮ್ಸ್ ಕಾಲದ್ದು. ಆಮೇಲೆ ಅದನ್ನ ಸೈನಿಕರ ಬ್ಯಾರಕ್ ಮಾಡಿ ಹಾಳುಮಾಡಿದ್ರು. ಹಳೇ ಸುಣ್ಣದ ಬಣ್ಣದ ಕುರುಹು ಸಿಕ್ಕಿದ ಮೇಲೇ ಆ ಹಳದಿ ಬಳಿದಿದ್ದು. ಓದಿ ಮಾತಾಡಿ.

ಮಂಡ್ಯ_ಅಬರ್ಡೀನ್: ಓದಿಯೇ ಮಾತಾಡ್ತಿರೋದು. ನೀವೊಬ್ಬರೇ ಓದಿದೋರಾ?

ಶಿವಮೊಗ್ಗ_ಬಿಎಸ್ಸಿ: ನಾನು ಗ್ಲಾಸ್ಗೋದಿಂದ ಸೇಂಟ್ ಆಂಡ್ರೂಸ್‌ಗೆ ಬಸ್ಸಲ್ಲಿ ಫ್ರೀ ಆಗಿ ಹೋಗಿಬಂದೆ. ಸ್ಕಾಟ್ಲೆಂಡಲ್ಲಿ ವಾಸ ಇರೋ 22 ತುಂಬದವರಿಗೆ 2022ರಿಂದ ಬಸ್ ಉಚಿತ, ಕಾರ್ಡ್ ಮಾಡಿಸ್ಕೋಬೇಕು. ಎರಡೂವರೆ ಗಂಟೆ ದಾರಿ. ಕೋಟೆ ಕೆಳಗೆ 1546ರ ಮುತ್ತಿಗೆಯಲ್ಲಿ ತೋಡಿದ ಸುರಂಗ ಇದೆ. ಹೊರಗಿನವರು ಕೋಟೆಗೆ ಸುರಂಗ ಕೊರೆದ್ರೆ, ಒಳಗಿನವರು ಸದ್ದು ಕೇಳಿ ಎದುರಿಂದ ಇನ್ನೊಂದು ಕೊರೆದು ಹಿಡಿದ್ರು. ಬೆನ್ನು ಬಗ್ಗಿಸಿ ಇಳೀಬೇಕು, ಕೈಗೆ ತಣ್ಣನೆ ಒದ್ದೆ ಬಂಡೆ ತಾಗುತ್ತೆ. ಎರಡು ಸುರಂಗ ಸೇರೋ ಕಡೆ ಹೋದ್ರೆ ಮೈ ಜುಮ್ ಅನ್ನುತ್ತೆ. ಬೀದಿಯಲ್ಲಿ 1528ರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಅನ್ನೋ ಧರ್ಮ ಸುಧಾರಕನ್ನ ಸುಟ್ಟ ಜಾಗದಲ್ಲಿ ಅವನ ಹೆಸರಿನ ಎರಡು ಅಕ್ಷರ ಇವೆ, ತುಳಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಫೇಲ್ ಅಂತಾರೆ. ನಾನಂತೂ ಸುತ್ತು ಹಾಕ್ಕೊಂಡೇ ಹೋದೆ.

ಕುಡ್ಲ_ಡಂಡೀ: ಫ್ರೀ ಬಸ್ಸಿನ ವಿಷಯ ಎಂ.ಎಸ್ಸಿ.ಯವರ ಎದುರು ಹೇಳಬೇಡ ತಮ್ಮ. ನಾವು ಇಲ್ಲಿ ಕಾಲಿಡುವಾಗಲೇ 23 ಆಗಿರ್ತದೆ. ಊರಲ್ಲಿ ಗದ್ದೆ ಅಡವಿಟ್ಟು ಫೀಸ್ ಕಟ್ಟಿ ಬಂದವರು ನಾವು. ಒಂದು ವರ್ಷ ವಯಸ್ಸು ಹೆಚ್ಚು ಅಂತ ಪ್ರತಿ ಬಸ್ಸಿಗೂ ದುಡ್ಡು ಕೊಡುದು ಎಂಥ ನ್ಯಾಯ?

ಶಿವಮೊಗ್ಗ_ಬಿಎಸ್ಸಿ: ಅಣ್ಣಾ, ನಮ್ಮಪ್ಪನೂ ಸಾಲ ಮಾಡೇ ಕಳಿಸಿರೋದು. ನಾಲ್ಕು ವರ್ಷದ ಫೀಸು.

ಮಂಡ್ಯ_ಅಬರ್ಡೀನ್: ಮಂಡ್ಯದವನಾಗಿ ಒಂದು ಮಾತು. ಕ್ರೀಫ್ ಊರಿನ ಹತ್ರ ಗುಡ್ಡದ ಮೇಲೆ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್‌ನ ಸ್ಮಾರಕಸ್ತಂಭ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣಕ್ಕೆ ನುಗ್ಗಿದ ಪಡೆ ನಡೆಸಿದವನು, ಅದಕ್ಕೂ ಮುಂಚೆ ಅಲ್ಲೇ ಮೂರೂವರೆ ವರ್ಷದ ಮೇಲೆ ಸೆರೆಯಲ್ಲಿದ್ದವನು. ನಮ್ಮೂರ ಕೋಟೆ ಬಿದ್ದಿದ್ದಕ್ಕೆ ಇಲ್ಲಿ ಕಲ್ಲು ನಿಲ್ಲಿಸಿದ್ದಾರೆ. ಹೋಗಿ ನೋಡಿದೆ. ಅವತ್ತು ಊಟ ಸೇರಲಿಲ್ಲ.

ಮೈಸೂರು_ಎಡಿನ್‌ಬರೋ: ಈಗ ಟಿಪ್ಪು ಜಗಳ ಶುರು ಮಾಡ್ಬೇಡಿ, ದಯವಿಟ್ಟು.

ಮಂಡ್ಯ_ಅಬರ್ಡೀನ್: ಟಿಪ್ಪು ಹೆಸರು ತೆಗೆದಿದ್ದು ನೀವು, ನಾನಲ್ಲ.

ಹಾಸನ_ಗ್ಲಾಸ್ಗೋ: ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ಮಂಡಿನೋವಿನ ಗೆಳತಿ ವಿಷಯ?

ಮೈಸೂರು_ಎಡಿನ್‌ಬರೋ: ಮೇ ತಿಂಗಳಲ್ಲಿ ಅಮ್ಮ ಬಂದಿದ್ರು, ಅವರಿಗೂ ಮಂಡಿ. ಸ್ಟೇಷನ್ನಿಂದ ಕೋಟೆವರೆಗೆ ಟ್ಯಾಕ್ಸಿ ಮಾಡಿದ್ವಿ, ಆ ಏರು ಅವರ ಕೈಲಿ ಆಗ್ತಿರ್ಲಿಲ್ಲ. ಒಳಗೂ ಗುಂಡುಕಲ್ಲಿನ ಇಳಿಜಾರು, ನನ್ನ ತೋಳು ಹಿಡ್ಕೊಂಡೇ ನಡೆದ್ರು. ಅರಮನೆ ಪೂರ್ತಿ ನೋಡಿದ್ರು. ವ್ಯಾಲೆಸ್ ಸ್ಮಾರಕಕ್ಕೆ ಮಾತ್ರ ಕರ್ಕೊಂಡು ಹೋಗ್ಲಿಲ್ಲ.

ಧಾರವಾಡದವ: ಟೈರಿನ 165 ಪೌಂಡ್ ಯಾರಾದ್ರೂ ಜಗಳ ಮಾಡಿ ವಾಪಸ್ ತಗೊಂಡೀರೇನ್ರಿ? ಗಾಡಿ ತಗೊಳ್ಳೂವಾಗ ನಾ ಹೊಡದ ಫೋಟೋದಾಗ ಅದೇ ಟೈರಿನ ಬದಿಗೆ ಹಳೇ ಸೀಳು ಕಾಣಸ್ತದ. ಎರಡು ಸಲ ಮೇಲ್ ಮಾಡೇನಿ, ಉತ್ತರ ಇಲ್ಲ.